ಬ್ಯಾಡಗಿ ಮೆಣಸಿನಕಾಯಿ ಸರಬರಾಜಿಗೆ ಆಂಟಾಲಜಿ: ಉಪಯೋಗ ಇದೆಯಾ, ಇದ್ದರೆ ಎಲ್ಲಿಂದ ಶುರು ಮಾಡೋದು?

ಉಣಕಲ್_ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಒಂದು ಮಸಾಲೆ ರಫ್ತು ಕಂಪನಿಯ ಡೇಟಾ ಕೆಲಸ ನೋಡಿಕೊಳ್ಳುತ್ತೇನೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿ ಮಾಡುತ್ತೇವೆ. ಒಂದಿಷ್ಟು ಮಾಲು ಕೋಲ್ಡ್ ಸ್ಟೋರೇಜ್‌ಗೆ ಹೋಗುತ್ತದೆ, ಒಂದಿಷ್ಟು ತೊಟ್ಟು ತೆಗೆಸಿ ಪುಡಿ ಮಾಡಿಸುತ್ತೇವೆ, ಉಳಿದದ್ದನ್ನು ಓಲಿಯೋರೆಸಿನ್, ಅಂದ್ರೆ ಬಣ್ಣ-ಖಾರದ ಗಟ್ಟಿ ಸಾರ, ತೆಗೆಯುವವರಿಗೆ ಕೊಡುತ್ತೇವೆ.

ಈಗ ತೊಂದರೆ ಏನಪ್ಪಾ ಅಂದ್ರೆ, ಯುರೋಪಿನ ಗಿರಾಕಿ ಒಂದು ಪ್ರಶ್ನೆ ಕೇಳಿದ್ದಾರೆ. ಈ ಪುಡಿಯ ಬ್ಯಾಚಿನಲ್ಲಿ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಸಿಕ್ಕರೆ ಅದು ಯಾವ ಲಾಟಿನಿಂದ ಬಂತು, ಅದೇ ಲಾಟಿನ ಉಳಿದ ಮಾಲು ಇನ್ನೆಲ್ಲಿಗೆ ಹೋಗಿದೆ, ಹೇಳಬಲ್ಲಿರಾ? ಅವರಲ್ಲಿ ಒಣಮೆಣಸಿನಕಾಯಿಗೆ ಬಿ1 ಅನ್ನೋ ಬಗೆಯ ಅಫ್ಲಾಟಾಕ್ಸಿನ್ ಮಿತಿ ಕೆಜಿಗೆ 5 ಮೈಕ್ರೋಗ್ರಾಂ, ಎಲ್ಲಾ ಅಫ್ಲಾಟಾಕ್ಸಿನ್ ಸೇರಿ 10. ತಮಾಷೆ ಮಾತಲ್ಲ. ಸದ್ಯಕ್ಕೆ ನಮ್ಮ ಉತ್ತರ ಅಂದ್ರೆ ನಾಲ್ಕು ಕಡೆ ಫೋನು. ಮಾರುಕಟ್ಟೆಯ ಲಾಟ್ ಪಟ್ಟಿ ಒಂದು ಕಡೆ, ಸ್ಟೋರೇಜಿನ ರಸೀದಿ ಇನ್ನೊಂದು ಕಡೆ, ಗಿರಣಿಯ ರಿಜಿಸ್ಟರ್ ಕೈಬರಹದಲ್ಲಿ, ಲ್ಯಾಬ್ ವರದಿ ಪಿಡಿಎಫ್‌ನಲ್ಲಿ. ಒಂದೇ ಮಾಲಿಗೆ ಒಂದೊಂದು ಕಡೆ ಒಂದೊಂದು ಹೆಸರು.

ಯಾರೋ ಆಂಟಾಲಜಿ ಮಾಡಿ, ಅಂದ್ರೆ ಯಾವ ಪದಕ್ಕೆ ಏನರ್ಥ, ಯಾವುದಕ್ಕೆ ಯಾವುದು ಸಂಬಂಧ ಅಂತ ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಡಿ ಅಂದರು. ಅದನ್ನು ಬರೆಯುವ ಪ್ರೊಟೆಜೆ ಅನ್ನೋ ಸಾಫ್ಟ್‌ವೇರ್ ಇಳಿಸಿಕೊಂಡು ಕ್ಲಾಸುಗಳ ಮರ ಬರೆದೆ: ಸರಕು, ಜಾಗ, ವ್ಯಕ್ತಿ, ಪ್ರಕ್ರಿಯೆ ಅಂತ. ನೋಡೋಕೆ ಚಂದ ಇದೆ. ಆದರೆ ಅದು ಏನನ್ನೂ ಹೇಳುತ್ತಿಲ್ಲ! ಮುಂದೇನು?

ಬೆಟಗೇರಿ_ಕೋಡರ್

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡು ಟೇಬಲ್ ಮಾಡಿ: ಒಂದರಲ್ಲಿ ಲಾಟ್, ಇನ್ನೊಂದರಲ್ಲಿ ಯಾವುದರಿಂದ ಯಾವುದಾಯಿತು ಅನ್ನೋದು. ಮೇಲೊಂದು ರಿಕರ್ಸಿವ್ ಕ್ವೆರಿ, ಅಂದ್ರೆ ಹೆಜ್ಜೆ ಹೆಜ್ಜೆಯಾಗಿ ಕೊನೆ ತನಕ ಹುಡುಕೋ ಪ್ರಶ್ನೆ. ಸಂಜೆಯೊಳಗೆ ಮುಗೀತು. ಆಂಟಾಲಜಿ ಅನ್ನೋದು ಪಿಎಚ್‌ಡಿ ಮಾಡುವವರ ಪಾಲಿಗೆ ಇರಲಿ.

ಸಪ್ತಾಪುರ_ಮೇಷ್ಟ್ರು

ಬೆಟಗೇರಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಒಂದೇ ಕಂಪನಿ, ಒಂದೇ ಡೇಟಾಬೇಸ್ ಆಗಿದ್ದರೆ ರಿಕರ್ಸಿವ್ ಕ್ವೆರಿ ಸಾಕು, ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಮಾಲು ಐದಾರು ಕೈ ದಾಟುತ್ತದೆ, ಪ್ರತಿಯೊಬ್ಬರ ಪುಸ್ತಕ ಬೇರೆ. ಯಾರೂ ತಮ್ಮ ಪುಸ್ತಕ ಬಿಟ್ಟು ನಿಮ್ಮ ಟೇಬಲ್‌ಗೆ ಬರೋದಿಲ್ಲ. ಪುಸ್ತಕಗಳು ಅವರವರ ಹತ್ತಿರವೇ ಇರಲಿ, ಅವುಗಳಲ್ಲಿರುವ ಮಾತಿನ ಅರ್ಥವನ್ನು ಮಾತ್ರ ಒಂದು ಕಡೆ ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಡೋಣ ಅನ್ನೋದು ಆಂಟಾಲಜಿಯ ಆಸೆ.

ಕೆರೆದಂಡೆ ಮೇಡಂ, ನಿಮ್ಮ ಮರ ಯಾಕೆ ಮಾತಾಡುತ್ತಿಲ್ಲ ಗೊತ್ತಾ? ನೀವು ವಸ್ತುಗಳಿಂದ ಶುರು ಮಾಡಿದಿರಿ. ಪ್ರಶ್ನೆಗಳಿಂದ ಶುರು ಮಾಡಬೇಕು. ಈ ಆಂಟಾಲಜಿ ಯಾವ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತ ಮೊದಲು ಪಟ್ಟಿ ಮಾಡಿ. ಕಾಂಪಿಟೆನ್ಸಿ ಕ್ವೆಶ್ಚನ್ಸ್ ಅಂತ ಇದಕ್ಕೆ ಹೆಸರು. ನಿಮ್ಮ ಗಿರಾಕಿ ಆಗಲೇ ಎರಡು ಕೊಟ್ಟಿದ್ದಾರಲ್ಲ: ಹಿಂದಕ್ಕೆ ಹೋದರೆ ಯಾವ ಲಾಟು, ಮುಂದಕ್ಕೆ ಹೋದರೆ ಎಲ್ಲೆಲ್ಲಿ. ಯಾವ ಪ್ರಶ್ನೆಗೂ ಬೇಡವಾದ ಕ್ಲಾಸನ್ನು ಅಳಿಸಿಬಿಡಿ. ಅರ್ಧ ಮರ ಹೋಗುತ್ತೆ, ಹೋಗಲಿ.

ಇದು ಎಷ್ಟು ದೊಡ್ಡ ವಿಷಯ ಅನ್ನೋಕೆ 2005ರ ಫೆಬ್ರವರಿ ನೆನಪಿಸಿಕೊಳ್ಳಿ. ಬ್ರಿಟನ್ನಿನಲ್ಲಿ ಆಹಾರಕ್ಕೆ ಹಾಕಬಾರದ ಸುಡಾನ್-1 ಬಣ್ಣ ಬೆರೆತ ಮೆಣಸಿನಪುಡಿ ಒಂದು ವೂಸ್ಟರ್ ಸಾಸಿಗೆ ಹೋಗಿತ್ತು. ಆ ಸಾಸು ಹತ್ತಾರು ಕಂಪನಿಗಳ ಅಡುಗೆಗೆ ಹೋಗಿತ್ತು. ಕೊನೆಗೆ 400ಕ್ಕೂ ಹೆಚ್ಚು ಆಹಾರ ಪದಾರ್ಥ ಅಂಗಡಿಗಳಿಂದ ವಾಪಸ್ ಬಂದವು. ಯುರೋಪಿನ ಕಾನೂನು, ಅಂದ್ರೆ 178/2002ರ 18ನೇ ವಿಧಿ, ಆ ಹೊತ್ತಿಗೆ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದು ಕೇಳೋದು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಮಾತ್ರ. ಯಾರಿಂದ ತಗೊಂಡೆ, ಯಾರಿಗೆ ಕೊಟ್ಟೆ, ಅಷ್ಟೇ. ಆ ಒಂದೊಂದು ಹೆಜ್ಜೆಗಳನ್ನು ಹೊಲಿದು ಪೂರ್ತಿ ದಾರಿ ಮಾಡುವವರು ಯಾರು ಅನ್ನೋದೇ ಈ ಚರ್ಚೆಯ ವಿಷಯ.

ಅಡತಿ_ಅಂಗಡಿ

ನಮ್ಮದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ಕಂಪ್ಯೂಟರ್ ವಿಷಯ ನನಗೆ ಅಷ್ಟಕ್ಕಷ್ಟೇ. ಆದ್ರೆ ನಿಮ್ಮ ಮರದಲ್ಲಿ "ಬ್ಯಾಡಗಿ" ಅಂತ ಒಂದೇ ಡಬ್ಬಿ ಇದ್ದರೆ ಮೊದಲ ದಿನವೇ ಗಲಾಟೆ ಆಗುತ್ತೆ ನೋಡಿ.

ಸೋಮವಾರ, ಗುರುವಾರ ಸಂತೆ ದಿನ ಬನ್ನಿ. ಮಾಲು ಹಾವೇರಿ, ಧಾರವಾಡ, ಗದಗದಿಂದ ಬರುತ್ತೆ, ಬಳ್ಳಾರಿ ಕಡೆಯಿಂದ ಬರುತ್ತೆ, ಆಂಧ್ರದಿಂದಲೂ ಲಾರಿಗಟ್ಟಲೆ ಬರುತ್ತೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾರಿದ್ದೆಲ್ಲಾ ಬ್ಯಾಡಗಿ ತಳಿ ಅಲ್ಲ. ಬ್ಯಾಡಗಿ ತಳಿಯೆಲ್ಲಾ ಬ್ಯಾಡಗಿ ತಾಲೂಕಿನಲ್ಲಿ ಬೆಳೆದದ್ದೂ ಅಲ್ಲ. ತಳಿಯಲ್ಲೇ ಮತ್ತೆ ಡಬ್ಬಿ, ಕಡ್ಡಿ ಅಂತ ಎರಡು. ಡಬ್ಬಿ ದಪ್ಪ, ಗಿಡ್ಡ, ಸುಕ್ಕು ಜಾಸ್ತಿ. ಕಡ್ಡಿ ಸಣ್ಣಗೆ ಉದ್ದ. ಇದರ ಮೇಲೆ 2043, 5531 ಅಂತ ಹೈಬ್ರಿಡ್ ಬಂದಿವೆ. ನೋಡೋಕೆ ಬ್ಯಾಡಗಿಯ ಹಾಗೇ ಸುಕ್ಕು ಇರುವವೂ ಇವೆ. ಕೈಯಲ್ಲಿ ಹಿಡಿದು ಮುರಿದರೆ ನಮಗೆ ಗೊತ್ತಾಗುತ್ತೆ, ನಿಮ್ಮ ಎಕ್ಸೆಲ್‌ಗೆ ಗೊತ್ತಾಗಲ್ಲ.

ಸಪ್ತಾಪುರ_ಮೇಷ್ಟ್ರು

ಸಾಹುಕಾರ್ರೇ, ಕಂಪ್ಯೂಟರ್ ಅಷ್ಟಕ್ಕಷ್ಟೇ ಅಂತ ಹೇಳಿ ಆಂಟಾಲಜಿಯ ಮೊದಲ ಪಾಠ ಮಾಡಿಬಿಟ್ಟಿರಿ.

ಇವರು ಹೇಳಿದ್ದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಇವೆ: ತಳಿ, ಬೆಳೆದ ಜಾಗ, ಮಾರಿದ ಜಾಗ, ಗುಣಮಟ್ಟ. ನಿಮ್ಮ ಎಕ್ಸೆಲ್‌ನಲ್ಲಿ ನಾಲ್ಕೂ ಸೇರಿ ಒಂದೇ ಕಾಲಮ್ಮು, ಹೌದಲ್ವಾ? ಲಾಟ್ ಅನ್ನೋದನ್ನು ನಡುವೆ ಇಟ್ಟು ನಾಲ್ಕು ಸಂಬಂಧ ಬೇರೆ ಬೇರೆ ಎಳೆಯಿರಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಬಂತಲ್ಲ, ಅದು ಐದನೆಯದು. ಅದನ್ನು ಯಾರೂ ಕೈಯಿಂದ ತುಂಬಬಾರದು. ತಳಿ ಇಂಥದ್ದು ಮತ್ತು ಬೆಳೆದ ಜಾಗ ಆ ಗಡಿಯೊಳಗೆ ಇದ್ದರೆ ಈ ಲಾಟು ಜಿಐ ಹೆಸರಿಗೆ ಅರ್ಹ ಅಂತ ನಿಯಮ ಬರೆದುಬಿಡಿ, ರೀಸನರ್, ಅಂದ್ರೆ ನಿಯಮಗಳಿಂದ ತರ್ಕ ಮಾಡುವ ಸಾಫ್ಟ್‌ವೇರ್, ತಾನೇ ತೀರ್ಮಾನಿಸುತ್ತೆ. ಆಂಧ್ರದ ಲಾಟಿಗೆ ಯಾರೋ ಗಡಿಬಿಡಿಯಲ್ಲಿ ಬ್ಯಾಡಗಿ ಅಂತ ಬರೆದಿದ್ದರೂ ಅದಕ್ಕೆ ಜಿಐ ಗುರುತು ಬೀಳಲ್ಲ.

ಬಣ್ಣವೂ ಹಾಗೇ. ಬ್ಯಾಡಗಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. ಲ್ಯಾಬಿನಲ್ಲಿ ಅದನ್ನು ಆಸ್ಟಾ ಘಟಕದಲ್ಲಿ ಅಳೆಯುತ್ತಾರೆ. ಆ ಸಂಖ್ಯೆಯನ್ನು ಲಾಟಿನ ಗುಣ ಅಂತ ನೇರವಾಗಿ ಅಂಟಿಸಬೇಡಿ. ಪರೀಕ್ಷೆ ಅನ್ನೋದೇ ಒಂದು ಘಟನೆ. ಇಂಥ ದಿನ, ಇಂಥ ಮಾದರಿಯ ಮೇಲೆ, ಇಂಥ ಲ್ಯಾಬಿನಲ್ಲಿ, ಇಷ್ಟು ಬಂತು ಅಂತ ಬರೆಯಿರಿ. ಯಾಕೆ ಅಂದ್ರೆ ಬಣ್ಣ ಇಳಿಯುತ್ತೆ. ಹೊರಗಿನ ಗೋದಾಮಿನಲ್ಲಿ ಜಾಸ್ತಿ, ಕೋಲ್ಡ್ ಸ್ಟೋರೇಜಿನಲ್ಲಿ ಕಡಿಮೆ, ಆದರೂ ಇಳಿಯುತ್ತೆ. ಫೆಬ್ರವರಿಯ ಸಂಖ್ಯೆ ನವೆಂಬರಿಗೆ ನಡೆಯಲ್ಲ.

ಉಣಕಲ್_ಕೆರೆದಂಡೆ

ಅಬ್ಬಾ, ಕಾಲಮ್ಮಿನ ವಿಷಯ ನಿಜ. ಘಟನೆ ಅಂದಿರಲ್ಲ ಸರ್, ಅದಕ್ಕೆ ಸಿದ್ಧ ಪದಕೋಶ ಏನಾದರೂ ಇದೆಯಾ, ಅಥವಾ ನಾನೇ ಎಲ್ಲಾ ಕಟ್ಟಬೇಕಾ?

ಬೆಟಗೇರಿ_ಕೋಡರ್

ಈ ಒಂದು ವಿಷಯದಲ್ಲಿ ಸ್ಟ್ಯಾಂಡರ್ಡ್ ಹಿಡಿಯಿರಿ, ನಾನೂ ಒಪ್ಪುತ್ತೇನೆ. ಜಿಎಸ್1 ಅವರ ಇಪಿಸಿಐಎಸ್ 2.0 ನೋಡಿ, ಸರಕಿನ ಘಟನೆಗಳನ್ನು ಬರೆಯುವ ಸ್ಟ್ಯಾಂಡರ್ಡ್, 2022ರದ್ದು. ಬಾರ್‌ಕೋಡ್ ಕೊಡೋ ಅದೇ ಸಂಸ್ಥೆ. ಒಂದೊಂದು ಘಟನೆಗೂ ಏನು, ಯಾವಾಗ, ಎಲ್ಲಿ, ಯಾಕೆ ಅಂತ ನಾಲ್ಕು ಬರೆಯೋದು. ಹೊಸ ಆವೃತ್ತಿಯಲ್ಲಿ ಹೇಗೆ ಅನ್ನೋದೂ ಸೇರಿದೆ. ಅಂದ್ರೆ ಸ್ಟೋರೇಜಿನ ತಾಪಮಾನದ ಸೆನ್ಸರ್ ಲೆಕ್ಕವನ್ನೂ ಅದರಲ್ಲೇ ಇಡಬಹುದು. ಜೆಸನ್-ಎಲ್‌ಡಿ ಅನ್ನೋ ಫೈಲ್ ರೂಪದಲ್ಲಿ ಬರುತ್ತೆ, ಹಾಗಾಗಿ ಮೇಷ್ಟ್ರ ಆರ್‌ಡಿಎಫ್‌ಗೂ (ಆಂಟಾಲಜಿಯವರು ಡೇಟಾವನ್ನು ಸಂಬಂಧಗಳಾಗಿ ಬರೆಯುವ ರೀತಿ) ಹೋಗುತ್ತೆ, ನನ್ನ ಪೋಸ್ಟ್‌ಗ್ರೆಸ್‌ಗೂ ಹೋಗುತ್ತೆ.

ಘಟನೆಗಳಲ್ಲಿ ನಿಮಗೆ ಮುಖ್ಯವಾಗಿ ಬೇಕಾದವು ಎರಡು. ಚೀಲಗಳನ್ನು ಒಟ್ಟಿಗೆ ಲಾರಿಗೆ ಹೇರಿದರೆ ಅದು ಅಗ್ರಿಗೇಶನ್, ಇಳಿಸಿದ ಮೇಲೆ ಮತ್ತೆ ಬಿಡಿ ಮಾಡಬಹುದು. ಚೀಲ ಬಿಚ್ಚಿ ರಾಶಿಗೆ ಸುರಿದರೆ ಅದು ಟ್ರಾನ್ಸ್‌ಫಾರ್ಮೇಶನ್. ಒಳಗೆ ಹೋದದ್ದು ಮುಗೀತು, ಹೊರಬಂದದ್ದು ಹೊಸದು, ಹೊಸ ಗುರುತು ಸಂಖ್ಯೆ ಬೇಕು. ಜನ ಈ ಎರಡನ್ನೂ "ಲೋಡ್" ಅಂತ ಒಂದೇ ಸಾಲಿನಲ್ಲಿ ಬರೆದುಬಿಡ್ತಾರೆ. ಆಮೇಲೆ ಯಾವ ಆಂಟಾಲಜಿ ಬಂದರೂ ಬಿಡಿಸೋಕೆ ಆಗಲ್ಲ.

ತೊಟ್ಟು_ಬಿಡಿಸಿದವ

ಸರಬರಾಜು ಸರಪಳಿಯ ಸ್ಕೋರ್ ಮಾಡೆಲ್ ಬಗ್ಗೆ ಯಾರೂ ಯಾಕೆ ಹೇಳ್ತಿಲ್ಲ? ಎಂಬಿಎನಲ್ಲಿ ಅದನ್ನೇ ಅರೆದು ಕುಡಿಸಿದ್ರು ನಮಗೆ.

ಸಪ್ತಾಪುರ_ಮೇಷ್ಟ್ರು

1996ರ ಸ್ಕೋರ್ ಒಳ್ಳೆಯದೇ. ಪ್ಲಾನ್, ಸೋರ್ಸ್, ಮೇಕ್, ಡೆಲಿವರ್ ಅಂತ ಪ್ರಕ್ರಿಯೆಗಳನ್ನು ಮಟ್ಟ ಮಟ್ಟವಾಗಿ ಬಿಡಿಸಿ, ಪ್ರತಿಯೊಂದಕ್ಕೂ ಅಳತೆಗೋಲು ಕೊಟ್ಟಿದೆ. ಅದನ್ನು ಆರ್‌ಡಿಎಫ್‌ಗೆ ಇಳಿಸಿದ ಸ್ಕೋರ್‌ವಾಕ್ ಅನ್ನೋ ಪದಕೋಶವೂ 2016ರಲ್ಲಿ ಬಂತು. ಕಂಪನಿ ಕಂಪನಿಗಳ ನಡುವೆ ಆರ್ಡರ್ ಎಷ್ಟು ಬೇಗ ಮುಟ್ಟಿತು ಅಂತ ಅಳೆಯೋಕೆ ಚೆನ್ನಾಗಿದೆ. ಕಣದಲ್ಲಿ ಒಣಗಿದ ಕಾಯಿ ಯಾವ ಚೀಲಕ್ಕೆ ಹೋಯಿತು ಅನ್ನೋದು ಅದರ ಕಣ್ಣಿಗೆ ಕಾಣಲ್ಲ. ಈಗಲೇ ಅದಕ್ಕೆ ಕೈ ಹಾಕಬೇಡಿ.

ಮೋಟೆಬೆನ್ನೂರ_ರೈತ

ಓದುತ್ತಾ ಇದ್ದೆ. ನೀವೆಲ್ಲಾ ಲಾಟು ಮಾರುಕಟ್ಟೆಯಲ್ಲಿ ಹುಟ್ಟುತ್ತೆ ಅಂದುಕೊಂಡಿದ್ದೀರಿ. ಆನ್‌ಲೈನ್ ಟೆಂಡರ್ ಬಂದ ಮೇಲೆ ಲಾಟಿಗೆ ನಂಬರ್ ಬೀಳುತ್ತೆ, ಸರಿ. ಆದರೆ ಅದರೊಳಗೆ ಏನಿದೆ ಅನ್ನೋದು ನಮ್ಮ ಕಣದಲ್ಲೇ ತೀರ್ಮಾನ ಆಗಿರುತ್ತೆ. ಮೊದಲ ಬಿಡಿಸು, ಎರಡನೆಯದು, ಮೂರನೆಯದು ಅಂತ ಇರುತ್ತೆ. ಮೊದಲಿನದರ ಬಣ್ಣವೇ ಬೇರೆ. ಬಿಳಿಕಾಯಿ ಆರಿಸಿ ತೆಗೆಯುತ್ತೇವೆ. ಕೆಲವರು ಎರಡು ಹೊಲದ್ದು ಒಂದೇ ಕಣದಲ್ಲಿ ಹರಡುತ್ತಾರೆ. ಚೀಲ ತುಂಬುವಾಗ ಕಾಯಿ ಮುರಿಯಬಾರದು ಅಂತ ನೀರು ಚಿಮುಕಿಸೋದೂ ಉಂಟು. ನಿಮ್ಮ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಶುರುವಾಗೋದು ಅಂಥ ತೇವದಲ್ಲಿ, ಇಲ್ಲಾ ಕಣದ ಮೇಲೆ ಅಕಾಲ ಮಳೆ ಬಿದ್ದಾಗ. ಇದು ಯಾವುದೂ ಬರೆಯದೆ ಬರೀ ಲಾಟ್ ನಂಬರಿನಿಂದ ಹಿಂದಕ್ಕೆ ಹೋದರೆ ನನ್ನ ಹೆಸರು ಸಿಗುತ್ತೆ, ಕಾರಣ ಸಿಗಲ್ಲ. ತಪ್ಪು ಯಾರದ್ದೇ ಇರಲಿ, ಪಟ್ಟಿಯ ಕೊನೆಗೆ ಇರೋ ಹೆಸರು ರೈತನದ್ದು ಅಲ್ವಾ?

ಇನ್ನೊಂದು ಮಾತು. ಇಷ್ಟೆಲ್ಲಾ ನಾನು ಬರೆದುಕೊಟ್ಟರೆ ನನಗೆ ಕ್ವಿಂಟಲ್ ಮೇಲೆ ಏನು ಸಿಗುತ್ತೆ?

ಅಡತಿ_ಅಂಗಡಿ

ಗೌಡ್ರ ಮಾತು ಸತ್ಯ. ಒಣಗಿಸೋದಕ್ಕೆ ಯಾರೂ ಜಾಸ್ತಿ ದರ ಕೊಡಲ್ಲ. ಒಂದು ಕಡೆ ತೇವ ಅಂತ ದರ ಕಡಿಮೆ ಹಾಕ್ತಾರೆ, ಇನ್ನೊಂದು ಕಡೆ ಪೂರ್ತಿ ಒಣಗಿಸಿದರೆ ತೂಕ ಹೋಗುತ್ತೆ. ಮೊದಲು ಆ ಲೆಕ್ಕ ಸರಿ ಹೋಗಲಿ.

ಉಣಕಲ್_ಕೆರೆದಂಡೆ

ಅಣ್ಣಾ, ಏನು ಸಿಗುತ್ತೆ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಅಧಿಕಾರದ ಉತ್ತರ ಇಲ್ಲ. ದರ ನಿರ್ಧರಿಸೋದು ನಾನಲ್ಲ. ಆದರೆ ಒಣಗಿಸಿದ ವಿವರ ಬರೆದುಕೊಟ್ಟ ಲಾಟುಗಳ ಲ್ಯಾಬ್ ಫಲಿತಾಂಶ ಬೇರೆಯಾಗಿ ತೆಗೆದು ತೋರಿಸಿದರೆ ನಮ್ಮ ಖರೀದಿ ವಿಭಾಗದವರ ಮುಂದೆ ಜಗಳ ಮಾಡೋಕೆ ಕೈಯಲ್ಲಿ ಕಾಗದ ಇರುತ್ತೆ. ಅದನ್ನು ನನ್ನ ಪ್ರಶ್ನೆಗಳ ಪಟ್ಟಿಗೆ ಸೇರಿಸಿಕೊಂಡೆ.

ಮೇಷ್ಟ್ರೇ, ನಿನ್ನೆ ಒಂದು ವಿಚಿತ್ರ ಆಯಿತು. ಒಂದು ಲಾಟಿಗೆ ಒಬ್ಬನೇ ರೈತ ಅಂತ ನಿಯಮ ಹಾಕಿದೆ. ಒಂದು ಲಾಟಿಗೆ ಇಬ್ಬರ ಹೆಸರು ಬಿದ್ದಿತ್ತು. ತಪ್ಪು ತೋರಿಸುತ್ತೆ ಅಂತ ಕಾಯ್ತಾ ಇದ್ದರೆ, ರೀಸನರ್ ಇಬ್ಬರೂ ಒಬ್ಬನೇ ಮನುಷ್ಯ ಅಂದುಬಿಡ್ತು!

ತೊಟ್ಟು_ಬಿಡಿಸಿದವ

ಹಹ್ಹಾ, ಇಬ್ಬರ ಬ್ಯಾಂಕ್ ಸಾಲವೂ ಒಂದೇ ಮಾಡಿಸಿಬಿಡಿ.

ಸಪ್ತಾಪುರ_ಮೇಷ್ಟ್ರು

ಇದು ಔಲ್, ಅಂದ್ರೆ ಆಂಟಾಲಜಿ ಬರೆಯುವ ಭಾಷೆಯ ಸ್ವಭಾವ, ಎಲ್ಲರೂ ಒಮ್ಮೆ ಇಲ್ಲಿ ಎಡವುತ್ತಾರೆ. ಎರಡು ಹೆಸರು ಇದ್ದರೆ ಇಬ್ಬರು ಮನುಷ್ಯರು ಅಂತ ಅದು ನಂಬೋದಿಲ್ಲ. ನೀವು ಒಬ್ಬನೇ ಅಂತ ನಿಯಮ ಹಾಕಿದಿರಿ, ಎರಡು ಹೆಸರು ಕೊಟ್ಟಿರಿ, ಸರಿ, ಎರಡೂ ಒಬ್ಬನದ್ದೇ ಅಂತ ಅದು ಅರ್ಥ ಮಾಡಿಕೊಂಡಿತು. ಇಬ್ಬರೂ ಬೇರೆ ಅಂತ ನೀವೇ ಹೇಳಿದ್ದರೆ ಮಾತ್ರ ವಿರೋಧ ಅಂತ ಕೂಗುತ್ತಿತ್ತು.

ಇದರ ಜೊತೆಗಾರ ಇನ್ನೊಂದು ಇದೆ. ಲಾಟಿಗೆ ತೇವಾಂಶದ ಪರೀಕ್ಷೆ ಇರಲೇಬೇಕು ಅಂತ ಔಲ್‌ನಲ್ಲಿ ಬರೆದರೆ, ಪರೀಕ್ಷೆ ಇಲ್ಲದ ಲಾಟನ್ನು ಅದು ತಪ್ಪು ಅನ್ನೋದಿಲ್ಲ. ಎಲ್ಲೋ ಆಗಿರಬೇಕು, ನನಗೆ ಹೇಳಿಲ್ಲ ಅಷ್ಟೇ ಅಂದುಕೊಳ್ಳುತ್ತೆ. ತಿಳಿಯದ್ದು ಸುಳ್ಳಲ್ಲ ಅನ್ನೋ ನಂಬಿಕೆ ಅದರದ್ದು. ಅಂತರ್ಜಾಲದಂಥ ಜಾಗಕ್ಕೆ ಅದು ಸರಿ, ಗಿರಣಿಯ ಬಾಗಿಲಲ್ಲಿ ಮಾಲು ಒಳಗೆ ಬಿಡುವ ಕಾವಲುಗಾರನಿಗೆ ಅದು ಸರಿಯಲ್ಲ. ಹಾಗಾಗಿ ತಪಾಸಣೆಯ ನಿಯಮಗಳನ್ನೆಲ್ಲಾ ಶ್ಯಾಕಲ್ ಅನ್ನೋ ಭಾಷೆಯಲ್ಲಿ ಬರೆಯಿರಿ. 2017ರಲ್ಲಿ ವೆಬ್ ಸ್ಟ್ಯಾಂಡರ್ಡ್‌ಗಳ ಸಂಸ್ಥೆ ಡಬ್ಲ್ಯೂ3ಸಿ ಕೊಟ್ಟದ್ದು ಇಂಥ ಕೆಲಸಕ್ಕೇ. ಕೈಯಲ್ಲಿರೋ ಡೇಟಾವನ್ನೇ ನೋಡಿ, ತೇವಾಂಶ ಇಲ್ಲ, ರೈತನ ಹೆಸರು ಎರಡಿದೆ, ತೂಕದ ಘಟಕ ಬರೆದಿಲ್ಲ ಅಂತ ನೇರವಾಗಿ ಹೇಳುತ್ತೆ. ವರ್ಗೀಕರಣ ಮತ್ತು ತರ್ಕಕ್ಕೆ ಔಲ್, ಬಾಗಿಲು ಕಾಯೋಕೆ ಶ್ಯಾಕಲ್. ಘಟಕದ ಮಾತು ಬಂತಲ್ಲ, ಚೀಲ ಅನ್ನೋದು ತೂಕದ ಘಟಕ ಅಲ್ಲ. ಕಿಲೋ ಬರೆಸಿ.

ಬೆಟಗೇರಿ_ಕೋಡರ್

ಈಗ ನನ್ನ ನಿಜವಾದ ತಕರಾರು. ಲಾಟು ಎ ಇಂದ ರಾಶಿ ಬಿ, ಬಿ ಇಂದ ಪುಡಿ ಸಿ. ಈ "ಇಂದ ಬಂತು" ಅನ್ನೋ ಸಂಬಂಧವನ್ನು ಟ್ರಾನ್ಸಿಟಿವ್ ಮಾಡಿಬಿಟ್ಟರೆ ರೀಸನರ್ ಸಿ ಎ ಇಂದ ಬಂತು ಅನ್ನುತ್ತೆ. ಕೇಳೋಕೆ ಚಂದ. ಆದರೆ ಗಿರಣಿಯಲ್ಲಿ ಹತ್ತು ಲಾಟು ಒಟ್ಟಿಗೆ ಸುರಿದು ದಿನವಿಡೀ ಪುಡಿ ಮಾಡಿದರೆ, ಆವತ್ತಿನ ಪ್ರತಿ ಪೊಟ್ಟಣವೂ ಹತ್ತೂ ಲಾಟಿನಿಂದ ಬಂದದ್ದು. ಅದರಲ್ಲಿ ಉಳಿದದ್ದು ಮರುದಿನದ ರಾಶಿಗೆ ಸೇರುತ್ತೆ. ತಿಂಗಳು ಕಳೆದ ಮೇಲೆ ಕ್ವೆರಿ ಹಾಕಿದರೆ ಎಲ್ಲದರಿಂದ ಎಲ್ಲವೂ ಬಂತು ಅನ್ನೋ ಉತ್ತರ. ಅದನ್ನು ಹೇಳೋಕೆ ಆಂಟಾಲಜಿ ಬೇಕಾ?

ಸಪ್ತಾಪುರ_ಮೇಷ್ಟ್ರು

ಈ ತಕರಾರಿಗೆ ಪೂರ್ತಿ ಅಂಕ ಕೊಡ್ತೀನಿ.

ಮೊದಲು ತಾಂತ್ರಿಕ ಉತ್ತರ. ಎರಡು ಸಂಬಂಧ ಇಟ್ಟುಕೊಳ್ಳಿ. "ನೇರವಾಗಿ ಇದರಿಂದ ಬಂತು" ಅನ್ನೋದು ಒಂದು, ಅದು ಟ್ರಾನ್ಸಿಟಿವ್ ಅಲ್ಲ, ಜನ ದಾಖಲಿಸೋದು ಇದನ್ನೇ. "ಇದರ ಅಂಶ ಇರಬಹುದು" ಅನ್ನೋದು ಇನ್ನೊಂದು, ಅದು ಟ್ರಾನ್ಸಿಟಿವ್, ಅದನ್ನು ಯಾರೂ ಕೈಯಿಂದ ತುಂಬಬಾರದು. ಮೊದಲನೆಯದು ಎರಡನೆಯದರ ಉಪಸಂಬಂಧ. ಹೀಗೆ ಬೇರೆ ಮಾಡದೆ ವಿಧಿಯೂ ಇಲ್ಲ. ರೀಸನರ್‌ಗೆ ಬಳಸುವ ಔಲ್ 2 ಡಿಎಲ್ ರೂಪದಲ್ಲಿ ಟ್ರಾನ್ಸಿಟಿವ್ ಸಂಬಂಧದ ಮೇಲೆ ಇಷ್ಟೇ ಇರಬೇಕು ಅಂತ ಎಣಿಕೆಯ ನಿರ್ಬಂಧ ಹಾಕೋಕೆ ಬಿಡಲ್ಲ. ಮೂಲ ದಾಖಲಿಸುವ ಪ್ರೊವ್-ಓ ಪದಕೋಶ ಬಳಸುವವರಿಗೂ ಒಂದು ಎಚ್ಚರಿಕೆ: ಅದರಲ್ಲಿರೋ ವಾಸ್‌ಡಿರೈವ್ಡ್‌ಫ್ರಮ್ ಸಂಬಂಧ ಬೇಕಂತಲೇ ಟ್ರಾನ್ಸಿಟಿವ್ ಅಲ್ಲ. ಪೂರ್ತಿ ಸರಪಳಿ ಬೇಕಾದಾಗ ಆರ್‌ಡಿಎಫ್ ಹುಡುಕುವ ಸ್ಪಾರ್ಕಲ್ ಕ್ವೆರಿಯಲ್ಲಿ ಸಂಬಂಧದ ಹೆಸರಿನ ಕೊನೆಗೆ ಕೂಡಿಸುವ ಚಿಹ್ನೆ (+) ಹಾಕಿದರೆ ಆಯಿತು, ಎಷ್ಟು ಹೆಜ್ಜೆ ಇದ್ದರೂ ನಡೆದು ಬರುತ್ತೆ.

ಈಗ ನಿಜವಾದ ಉತ್ತರ. ಎಲ್ಲದರಿಂದ ಎಲ್ಲವೂ ಅಂತ ಬಂದರೆ ಆಂಟಾಲಜಿ ಸುಳ್ಳು ಹೇಳುತ್ತಿಲ್ಲ, ನಿಮ್ಮ ಗಿರಣಿ ಹಾಗೇ ನಡೆಯುತ್ತಿದೆ. ಸುಡಾನ್ ಬಣ್ಣ 400 ಪದಾರ್ಥಕ್ಕೆ ಹೋದದ್ದು ಹೀಗೆಯೇ. ಸರಪಳಿಯನ್ನು ಕತ್ತರಿಸುವ ಶಕ್ತಿ ಇರೋದು ಒಂದೇ ಘಟನೆಗೆ: ಯಂತ್ರ ಪೂರ್ತಿ ಖಾಲಿ ಮಾಡಿ ತೊಳೆದದ್ದು, ಅಥವಾ ಗುಡಿಸಿದ್ದು. ಅದನ್ನು ಘಟನೆ ಅಂತ ದಾಖಲಿಸಿ. ಎರಡು ಶುಚಿಗಳ ನಡುವೆ ಬಂದದ್ದೆಲ್ಲಾ ಒಂದು ಬ್ಯಾಚು. ವಾಪಸ್ ಕರೆಸಬೇಕಾದ ಮಾಲು ಎಷ್ಟು ಅನ್ನೋದನ್ನು ಈ ಶುಚಿಗಳ ಅಂತರ ತೀರ್ಮಾನಿಸುತ್ತೆ, ನಿಮ್ಮ ಕ್ಲಾಸುಗಳ ಮರ ಅಲ್ಲ. ಹೋದ ಹಂಗಾಮಿನ ಡೇಟಾ ಹಾಕಿ, ದಿನಕ್ಕೊಮ್ಮೆ ಶುಚಿ ಮಾಡಿದ್ದರೆ ಒಂದು ಕೆಟ್ಟ ಲಾಟಿಗೆ ಎಷ್ಟು ಪುಡಿ ಹೋಗುತ್ತಿತ್ತು, ವಾರಕ್ಕೊಮ್ಮೆ ಆದರೆ ಎಷ್ಟು ಅಂತ ಲೆಕ್ಕ ತೆಗೆಯಿರಿ. ನಿಮ್ಮ ಮಾಲೀಕರಿಗೆ ತೋರಿಸಬೇಕಾದ ಕಾಗದ ಅದು.

ಬೆಟಗೇರಿ_ಕೋಡರ್

ಇದನ್ನು ಪೋಸ್ಟ್‌ಗ್ರೆಸ್‌ನಲ್ಲೂ ಮಾಡಬಹುದು ಅಂತ ನನ್ನ ಮಾತು ಹಾಗೇ ಇರಲಿ. ಆದರೆ ಶುಚಿಯನ್ನು ಘಟನೆ ಮಾಡೋದು ಚೆನ್ನಾಗಿದೆ. ಜೊತೆಗೆ ತೂಕದ ತಾಳೆ ಹಾಕಿ. ಒಳಗೆ ಹೋದ ಕಿಲೋ, ಹೊರಬಂದ ಪುಡಿ, ತೊಟ್ಟು, ಕಸ. ತೇವ ಆರಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಲ್ಲೋ ಬರೆಯದ ಒಂದು ಘಟನೆ ಇದೆ ಅಂತ ಅರ್ಥ. ಹೊರಬಂದದ್ದೇ ಜಾಸ್ತಿ ಆದರಂತೂ ಕೇಳೋದೇ ಬೇಡ.

ಅಡತಿ_ಅಂಗಡಿ

ಕೋಲ್ಡ್ ಸ್ಟೋರೇಜ್ ಬಗ್ಗೆ ಒಂದು ಪ್ರಶ್ನೆ. ಮಾಲು ಅಲ್ಲಿ ಇಟ್ಟಿರುತ್ತೇವೆ, ಮಾಲೀಕ ರೈತನೋ ವರ್ತಕನೋ ಇರುತ್ತಾನೆ, ರಸೀದಿ ಮೇಲೆ ಬ್ಯಾಂಕು ಸಾಲ ಕೊಟ್ಟಿರುತ್ತೆ. ಚೀಲ ಅಲ್ಲಾಡದೇ ಎರಡು ಸಲ ಮಾರಾಟ ಆಗಿರುತ್ತೆ. ನಿಮ್ಮ ಲೆಕ್ಕದಲ್ಲಿ ಅದು ಯಾರದ್ದು?

ಸಪ್ತಾಪುರ_ಮೇಷ್ಟ್ರು

ಒಡೆತನ ಬೇರೆ, ವಶ ಬೇರೆ, ಜಾಗ ಬೇರೆ. ಇಪಿಸಿಐಎಸ್ ಜೊತೆಗಿನ ಪದಕೋಶದಲ್ಲಿ ಈ ಮೂರೂ ಬೇರೆ ಬೇರೆಯಾಗೇ ಇವೆ. ಚೀಲ ಅಲ್ಲಾಡದೆ ಒಡೆಯ ಬದಲಾದರೆ ಬರೀ ವ್ಯವಹಾರದ ಘಟನೆ ಬರೆದರೆ ಸಾಕು. ಬ್ಯಾಂಕಿನ ಹಕ್ಕನ್ನು ಮಾತ್ರ ನೀವೇ ಸೇರಿಸಿಕೊಳ್ಳಬೇಕು: ಈ ಲಾಟಿನ ಮೇಲೆ ಇಂಥ ರಸೀದಿ, ಅದರ ಮೇಲೆ ಇಂಥ ಸಾಲ, ತೀರುವ ತನಕ ಹೊರಗೆ ಬಿಡಬಾರದು. ಆ ಕೊನೆಯದು ಮತ್ತೆ ಶ್ಯಾಕಲ್ ನಿಯಮ.

ಇದೇ ಘಟನೆಗಳಿಂದ ವಿಶ್ಲೇಷಣೆಯೂ ಬರುತ್ತೆ ಮೇಡಂ. ಟೆಂಡರ್ ಆದ ಮೇಲೆ ಸ್ಟೋರೇಜಿಗೆ ಹೋಗೋ ತನಕ ಲಾಟು ಬಯಲಲ್ಲಿ ಎಷ್ಟು ಹೊತ್ತು ಬಿದ್ದಿತ್ತು? ಜಾಸ್ತಿ ಹೊತ್ತು ಬಿದ್ದಿದ್ದವುಗಳ ಬಣ್ಣ ಜಾಸ್ತಿ ಇಳಿದಿದೆಯಾ? ಡಬ್ಬಿಗೂ ಕಡ್ಡಿಗೂ ವ್ಯತ್ಯಾಸ ಇದೆಯಾ? ಎಲ್ಲಾ ಒಂದೊಂದು ಕ್ವೆರಿ. ಹೊಸದಾಗಿ ಡೇಟಾ ಕೂಡಿಸೋ ಕೆಲಸ ಇಲ್ಲ.

ಉಣಕಲ್_ಕೆರೆದಂಡೆ

ಸರಿ, ತೀರ್ಮಾನ ಮಾಡಿದೆ. ಹಳೇ ಮರ ಪಕ್ಕಕ್ಕಿಟ್ಟೆ. ಈ ಹಂಗಾಮಿಗೆ ಒಂದೇ ಗಿರಣಿ, ಒಂದೇ ಕೋಲ್ಡ್ ಸ್ಟೋರೇಜ್, ನಾಲ್ಕು ಬಗೆಯ ಘಟನೆ: ಖರೀದಿ, ಸ್ಟೋರೇಜಿಗೆ ಒಳಗೆ-ಹೊರಗೆ, ರಾಶಿ ಸುರಿದದ್ದು, ಯಂತ್ರ ಶುಚಿ ಮಾಡಿದ್ದು. ಶೇಖರಣೆ ಪೋಸ್ಟ್‌ಗ್ರೆಸ್‌ನಲ್ಲಿ (ಬೆಟಗೇರಿಯವರೇ, ಖುಷಿಯಾ?), ಹೊರಗೆ ಕೊಡೋದು ಜೆಸನ್-ಎಲ್‌ಡಿಯಲ್ಲಿ, ಬಾಗಿಲಿಗೆ ಶ್ಯಾಕಲ್. ಜಿಐ ನಿಯಮ ಒಂದೇ ಸದ್ಯಕ್ಕೆ ಔಲ್‌ನಲ್ಲಿ.

ಸಾಹುಕಾರ್ರೇ, ಒಂದು ಕೇಳೋದಿದೆ. ಟೆಂಡರ್ ಲಾಟ್ ನಂಬರನ್ನು ಚೀಲದ ಮೇಲೆ ಬರೆಸೋಕೆ ಆಗುತ್ತಾ? ಸ್ಟೋರೇಜಿನವರು ತಮ್ಮದೇ ನಂಬರ್ ಹಾಕಿದಾಗ ಹಳೆಯದು ಕಾಣೆಯಾಗುತ್ತೆ.

ಅಡತಿ_ಅಂಗಡಿ

ಬಣ್ಣದಲ್ಲಿ ಬರೆದರೆ ಹಮಾಲರು ಎತ್ತಿ ಹಾಕೋ ಹೊತ್ತಿಗೆ ಅರ್ಧ ಅಳಿಸಿರುತ್ತೆ. ಚೀಲದ ಬಾಯಿ ಹೊಲಿಯುವಾಗ ದಾರಕ್ಕೆ ಚೀಟಿ ಸೇರಿಸಿ ಹೊಲಿಸಿ, ಅದು ನಿಲ್ಲುತ್ತೆ. ಹೊಲಿಯುವವರಿಗೆ ಚೀಲಕ್ಕಿಷ್ಟು ಅಂತ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತೆ, ಅದನ್ನು ನಿಮ್ಮ ಕಂಪನಿಯೇ ಕೊಡಲಿ, ರೈತರ ಪಟ್ಟಿಯಲ್ಲಿ ಮುರಿಯಬೇಡಿ.

ಮೋಟೆಬೆನ್ನೂರ_ರೈತ

ಚೀಟಿಯ ಹಿಂದೆ ಯಾವ ಬಿಡಿಸು, ನೀರು ಹೊಡೆದಿದೆಯೋ ಇಲ್ಲವೋ ಅಂತ ಬರೆಯೋಕೆ ಜಾಗ ಬಿಡಿ. ನಮ್ಮ ಮೊದಲ ಬಿಡಿಸಿಗೆ ನಾನೇ ಬರೆದುಕೊಡ್ತೀನಿ. ಲ್ಯಾಬಿನ ಬಣ್ಣದ ನಂಬರ್ ಬಂದಾಗ ನನಗೂ ಒಂದು ಪ್ರತಿ ಕಳಿಸಬೇಕು, ಆ ಕರಾರಿನ ಮೇಲೆ.

ಉಣಕಲ್_ಕೆರೆದಂಡೆ

ಆಯ್ತು ಅಣ್ಣಾ, ಲ್ಯಾಬ್ ವರದಿ ಬಂದ ದಿನವೇ ಕಳಿಸ್ತೀನಿ. ಮೇಷ್ಟ್ರೇ, ಶ್ಯಾಕಲ್ ಫೈಲನ್ನು ಭಾನುವಾರ ಇಲ್ಲೇ ಹಾಕ್ತೀನಿ, ದಯವಿಟ್ಟು ಕೆಂಪು ಪೆನ್ನು ತಗೊಂಡು ಕೂತುಕೊಳ್ಳಿ.